ತೆಗೆದದ್ದು ಯಾಕೆಂದು ಬರೆದಿಟ್ಟಿದ್ದೀರಾ?

ಆಡಳಿತ ಮಂಡಳಿಗಳ ಠರಾವು ಪುಸ್ತಕಕ್ಕೆ ಅದರದೇ ಒಂದು ಕನ್ನಡವಿದೆ. ಅಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ‘ಸೇವೆಯನ್ನು ಮುಂದುವರಿಸಿರುವುದಿಲ್ಲ’. ಯಾರ ಮೇಲೂ ದೂರು ಬಂದಿರುವುದಿಲ್ಲ, ಅವರು ‘ಸ್ವಂತ ಕಾರಣಗಳಿಗಾಗಿ’ ಬಿಟ್ಟುಹೋಗಿರುತ್ತಾರೆ. ಎರಡು ವರ್ಷ ಕಳೆದು ಅದೇ ಮನುಷ್ಯನನ್ನು ಮರಳಿ ಕರೆಸುವ ಮಾತು ಬಂದಾಗ ಆ ಪುಸ್ತಕ ತೆರೆದರೆ ಸಿಗುವುದು ಈ ಒಂದು ಸಾಲು ಮಾತ್ರ. ಉಳಿದದ್ದೆಲ್ಲ ಬಾಯಿಮಾತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದು ಕಥೆ, ಚೇರಮನ್ನರ ಮನೆಯ ಪಡಸಾಲೆಯಲ್ಲಿ ಇನ್ನೊಂದು, ತಂಡದ ಹುಡುಗಿಯರ ನಡುವೆ ಮೂರನೆಯದು. ವಜಾ ಆದ ಕೋಚನ್ನು ಮತ್ತೆ ತೆಗೆದುಕೊಳ್ಳಬೇಕೆ ಬೇಡವೆ ಎಂಬ ಜಗ್ಗಾಟ ಈ ಮೂರು ಕಥೆಗಳ ನಡುವೆಯೇ ನಡೆಯುತ್ತದೆ. ಆದರೆ ಅದರ ಗತಿ ಮರುನೇಮಕದ ಸಭೆಯಲ್ಲಿ ತೀರ್ಮಾನವಾಗುವುದಲ್ಲ, ವಜಾ ಮಾಡಿದ ದಿನವೇ ತೀರ್ಮಾನವಾಗಿರುತ್ತದೆ. ಕಾರಣ ಬರೆಯದೆ ತೆಗೆದ ಸಂಸ್ಥೆ ಆತನನ್ನು ಕರೆದರೂ ತಪ್ಪು, ಕರೆಯದಿದ್ದರೂ ತಪ್ಪು. ಎರಡಕ್ಕೂ ಅದರ ಕೈಯಲ್ಲಿ ಆಧಾರವಿಲ್ಲ.

ಈ ಚರ್ಚೆಯ ತವರು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್. ನಮ್ಮ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬ್ಯಾಸ್ಕೆಟ್‌ಬಾಲ್ ಅಷ್ಟು ಬೇರು ಬಿಟ್ಟ ಆಟವಲ್ಲ. ಅದಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ಅಂಕಣ ಬೇಕು. ನಮ್ಮ ಎರೆಭೂಮಿಯೋ ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುತ್ತದೆ, ಮೃಗಶಿರಾ ಮಳೆ ಬಿದ್ದರೆ ಬೂಟಿನ ಅಡಿಗೆ ಸೇರುಗಟ್ಟಲೆ ಮೆತ್ತುತ್ತದೆ. ನಾಲ್ಕು ಟ್ರ್ಯಾಕ್ಟರ್ ಗರಸು ಹಾಕಿ ರೋಲರ್ ಎಳೆದರೆ ಕಬಡ್ಡಿಗೂ ಕೊಕ್ಕೊಗೂ ಸಾಕು, ಎರಡು ಕಂಬ ನೆಟ್ಟರೆ ವಾಲಿಬಾಲ್. ಹಾಗಾಗಿ ಇಲ್ಲಿ ಆಟದ ಹೆಸರು ಬೇರೆ. ಪ್ರಶ್ನೆ ಮಾತ್ರ ಅದೇ, ಅಮೆರಿಕಕ್ಕಿಂತ ಇಲ್ಲಿ ಹೆಚ್ಚು ಚೂಪು. ಯಾಕೆಂದು ಹೇಳುವ ಮೊದಲು, ಕರ್ನಾಟಕದ ಓಟಗಾರ್ತಿಯೊಬ್ಬರ ಬದುಕನ್ನು ಹಾದುಹೋದ ಒಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಜಾ ಆದ ಕೋಚ್ ಮರಳಿ ಬಂದದ್ದಕ್ಕೆ ನಮ್ಮ ದೇಶದಲ್ಲಿ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಮಹಿಳೆಯರು 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದರು. ಆ ನಾಲ್ವರಲ್ಲಿ ಒಬ್ಬರು ಉಡುಪಿ ಜಿಲ್ಲೆ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ ತಂದರು. ಕೋಚ್ ಉಕ್ರೇನಿನ ಯೂರಿ ಒಗೊರೊಡ್ನಿಕ್. ವರ್ಷ ತುಂಬುವ ಮೊದಲೇ, 2011ರ ಬೇಸಿಗೆಯ ಕೊನೆಗೆ, ಅಶ್ವಿನಿ ಸೇರಿ ಅದೇ ಶಿಬಿರದ ಆರು ಓಟಗಾರ್ತಿಯರ ಮಾದರಿಯಲ್ಲಿ ನಿಷೇಧಿತ ಸ್ಟೆರಾಯ್ಡ್ ಸಿಕ್ಕಿತು. ಚೀನಾದಿಂದ ತರಿಸಿದ, ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಿಂದ ಹೀಗಾಗಿದೆ, ನಮಗೆ ಗೊತ್ತಿರಲಿಲ್ಲ ಎಂಬುದು ಹುಡುಗಿಯರ ವಾದ. ಜುಲೈ ಮೊದಲ ವಾರದಲ್ಲೇ ಕ್ರೀಡಾ ಸಚಿವರು ಕೋಚನ್ನು ವಜಾ ಮಾಡಿದರು. ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ವಿಚಾರಣೆ ಶುರುವಾದದ್ದು ಅದರ ನಂತರ. ತೀರ್ಪು ಮೊದಲು, ಸಾಕ್ಷಿ ಆಮೇಲೆ. ಆ ವಾರ ದೇಶಕ್ಕೆ ಸಿಟ್ಟು ಬಂದಿತ್ತು, ಸಿಟ್ಟಿಗೆ ಒಂದು ತಲೆ ಬೇಕಿತ್ತು, ಸಿಕ್ಕಿತು.

ಓಟಗಾರ್ತಿಯರ ದಾರಿ ಬೇರೆ. ಅವರ ಮೇಲೆ ಆರೋಪಪಟ್ಟಿ ಬಂತು, ಶಿಸ್ತು ಸಮಿತಿಯ ಮುಂದೆ ವಕೀಲರ ವಾದ ನಡೆಯಿತು. ಅವರ ತಪ್ಪು ಸಣ್ಣದು ಎಂದು ಒಪ್ಪಿ ಸಮಿತಿ 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ಒಪ್ಪದೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, 2012ರ ಜುಲೈನಲ್ಲಿ ಶಿಕ್ಷೆ ಎರಡು ವರ್ಷಕ್ಕೆ ಏರಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೊಟ್ಟದ್ದನ್ನು ನುಂಗಿದವರ ಪ್ರತಿ ದಿನದ ಲೆಕ್ಕ ಕಾಗದದ ಮೇಲೆ ಉಳಿಯಿತು. ಕೊಟ್ಟವರೆನಿಸಿಕೊಂಡ ಕೋಚ್‌ಗೆ ಡೋಪಿಂಗ್ ನಿಯಮದಡಿ ಯಾವ ನಿಷೇಧವೂ ಬೀಳಲಿಲ್ಲ. ಕೆಲಸ ಹೋಗಿತ್ತು, ಅಷ್ಟೇ. ಹಾಗಿದ್ದ ಮೇಲೆ ಮರಳಿ ಬರಲು ಅಡ್ಡಿಯೇನು? 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಒಗೊರೊಡ್ನಿಕ್ ಮತ್ತೆ ಭಾರತದ ರಿಲೇ ತಂಡದ ಕೋಚ್. ಆ ತಂಡ 3 ನಿಮಿಷ 28.68 ಸೆಕೆಂಡ್‌ಗಳಲ್ಲಿ ಓಡಿ ಕೂಟ ದಾಖಲೆಯೊಂದಿಗೆ ಚಿನ್ನ ಗೆದ್ದಿತು. ಮಂಗಳೂರಿನ ಎಂ.ಆರ್. ಪೂವಮ್ಮ ಅದರಲ್ಲಿದ್ದರು. 2011ರ ಆರು ಮಂದಿಯಲ್ಲಿ ಇಬ್ಬರು, ಮನ್‌ದೀಪ್ ಕೌರ್ ಮತ್ತು ಪ್ರಿಯಾಂಕಾ ಪನ್ವಾರ್, ಶಿಕ್ಷೆ ಮುಗಿಸಿ ಅದೇ ತಂಡಕ್ಕೆ ಬಂದಿದ್ದರು.

ಮರುನೇಮಕ ಮಾಡಿದವರು ಈ ಚಿನ್ನವನ್ನು ತೋರಿಸಿ ‘ನೋಡಿ, ನಾವು ಮಾಡಿದ್ದು ಸರಿ’ ಎಂದಾರು. ಆದರೆ ಆ ಪದಕ ಕೋಚ್‌ನ ಕಸುಬನ್ನು ಸಾಬೀತು ಮಾಡುತ್ತದೆಯೇ ಹೊರತು ಬೇರೇನನ್ನೂ ಅಲ್ಲ. ಆತನಿಗೆ ಓಟ ಕಲಿಸಲು ಬರುವುದಿಲ್ಲ ಎಂದು 2011ರಲ್ಲಿ ಯಾರೂ ತೆಗೆದಿರಲಿಲ್ಲವಲ್ಲ! ತೆಗೆದ ಕಾರಣ ಬೇರೆ, ಮರಳಿ ಕರೆದ ಕಾರಣ ಬೇರೆ. ಒಂದು ಪ್ರಶ್ನೆಗೆ ಇನ್ನೊಂದರ ಉತ್ತರ ಕೊಟ್ಟಂತಾಯಿತು. ಒಗೊರೊಡ್ನಿಕ್‌ರನ್ನು ಇಲ್ಲಿ ತಪ್ಪಿತಸ್ಥ ಎನ್ನುತ್ತಿಲ್ಲ. ಆ ಮಾತ್ರೆಯಲ್ಲಿ ಏನಿದೆಯೆಂದು ಅವರಿಗೂ ಗೊತ್ತಿಲ್ಲದೆ ಇದ್ದಿರಬಹುದು. ಹಾಗಿದ್ದರೆ ಅವಸರದ ವಜಾದಿಂದ ಅವರಿಗೂ ಅನ್ಯಾಯವೇ ಆಯಿತು. ಗೊತ್ತಿದ್ದರೆ, ಮರಳಿ ಬಂದದ್ದು ಹುಡುಗಿಯರಿಗೆ ಆದ ಅನ್ಯಾಯ. ಕೋಚ್ ಮೇಲೆ ಹುಡುಗಿಯರ ಮೇಲೆ ನಡೆದಂಥ ವಿಚಾರಣೆ ನಡೆದು, ಇಷ್ಟು ತಪ್ಪು, ಇಷ್ಟು ವರ್ಷ ಎಂದೋ ಇಲ್ಲವೆ ತಪ್ಪಿಲ್ಲ ಎಂದೋ ಮುದ್ರೆ ಬಿದ್ದಿದ್ದರೆ, 2014ರ ಚಿನ್ನವನ್ನು ನಾವು ಇಷ್ಟು ಮುಜುಗರವಿಲ್ಲದೆ ನೋಡಬಹುದಿತ್ತು.

ಕಾಗದದ ಬೆಲೆ ಏನು ಎಂಬುದಕ್ಕೆ ಅದೇ ತಂಡದಲ್ಲಿ ಇನ್ನೊಂದು ಸಾಕ್ಷಿಯಿದೆ. ಪ್ರಿಯಾಂಕಾ ಪನ್ವಾರ್ 2016ರಲ್ಲಿ ಮತ್ತೊಂದು ನಿಷೇಧಿತ ವಸ್ತುವಿನೊಂದಿಗೆ ಸಿಕ್ಕಿಬಿದ್ದರು, ಎಂಟು ವರ್ಷ ನಿಷೇಧ ಬಿತ್ತು. ಬರೆದಿಟ್ಟ ಶಿಕ್ಷೆ ಮನುಷ್ಯರನ್ನು ತಿದ್ದಿಬಿಡುತ್ತದೆ ಎಂದು ನಂಬುವವರು ಈ ಪ್ರಕರಣವನ್ನು ಮರೆಯಬಾರದು. ಹಾಗೆಯೇ ಆ ಎಂಟು ವರ್ಷದ ಲೆಕ್ಕ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ಮೊದಲ ತಪ್ಪು ದಾಖಲೆಯಲ್ಲಿ ಇದ್ದುದರಿಂದಲೇ ಇದು ಎರಡನೆಯ ತಪ್ಪು ಎಂದು ಹೇಳಲು ಸಾಧ್ಯವಾಯಿತು. ‘ಸ್ವಂತ ಕಾರಣಗಳಿಗಾಗಿ’ ಹೋದ ಕೋಚ್ ಮರಳಿ ಬಂದು ಮತ್ತೆ ತಪ್ಪಿದರೆ ಅದು ಯಾವಾಗಲೂ ಮೊದಲ ತಪ್ಪೇ. ಮೂರನೆಯದೂ ಮೊದಲನೆಯದೇ. ಬೈಲಹೊಂಗಲದಲ್ಲಿ ಬಿಟ್ಟವನು ಸವದತ್ತಿಯಲ್ಲಿ ಹೊಸಬ, ಸವದತ್ತಿಯಲ್ಲಿ ಬಿಟ್ಟವನು ರಾಮದುರ್ಗದಲ್ಲಿ ಅನುಭವಿ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಮೊದಲನೆಯದಾಗಿ, ಇಲ್ಲಿನ ಬಹುತೇಕ ಕಾಲೇಜುಗಳಲ್ಲಿ ‘ಕೋಚ್’ ಎಂಬ ಹುದ್ದೆಯೇ ಇಲ್ಲ. ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರು ಇರುತ್ತಾರೆ. ಹುದ್ದೆ ಖಾಲಿಯಿದ್ದರೆ ವರ್ಷದ ಮಟ್ಟಿಗೆ ಅತಿಥಿಯಾಗಿ ಬಂದವರು, ಇಲ್ಲವೆ ಆಡಳಿತ ಮಂಡಳಿ ತನ್ನ ಖರ್ಚಿನಲ್ಲಿ ಇಟ್ಟುಕೊಂಡ ಪಿ.ಇ. ಮಾಸ್ತರ್ರು. ಒಬ್ಬರೇ ಕಬಡ್ಡಿ ಕಲಿಸಬೇಕು, ಗುಂಡು ಎಸೆತ ಕಲಿಸಬೇಕು, ಆಗಸ್ಟ್ 15ಕ್ಕೆ ಪಥಸಂಚಲನ ಮಾಡಿಸಬೇಕು, ಪರೀಕ್ಷೆಯಲ್ಲಿ ಜಾಗೃತ ದಳಕ್ಕೂ ನಿಲ್ಲಬೇಕು. ಇಷ್ಟೆಲ್ಲದರ ಜೊತೆ ಅವರ ಕೈಯಲ್ಲಿ ಒಂದು ಪೆನ್ನಿದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟಕ್ಕೆ ಹೋಗುವ ತಂಡದ ಪಟ್ಟಿ ಬರೆಯುವವರು ಅವರು, ಅರ್ಹತಾ ಫಾರಂ ತುಂಬಿ ಪ್ರಾಚಾರ್ಯರ ಮುದ್ರೆ ಹಾಕಿಸುವವರು ಅವರು, ದಿನಭತ್ಯೆ ಹಂಚುವವರು ಅವರು. ಅಲ್ಲಿ ಆಯ್ಕೆಯಾಗಿ ವಿಶ್ವವಿದ್ಯಾಲಯದ ಬ್ಲೇಜರ್ ಸಿಕ್ಕರೆ, ಅಂತರ ವಿಶ್ವವಿದ್ಯಾಲಯ ಕೂಟದ ಪ್ರಮಾಣಪತ್ರ ಸಿಕ್ಕರೆ, ಮುಂದೆ ಪೊಲೀಸ್ ಇಲಾಖೆಯೋ ರೈಲ್ವೆಯೋ, ಕ್ರೀಡಾ ಕೋಟಾದ ಬಾಗಿಲು ತೆರೆಯುತ್ತದೆ. ಒಣಬೇಸಾಯದ ಮನೆಯ ಹುಡುಗಿಗೆ ಆ ಫಾರಂ ಎಂದರೆ ಎರಡು ಎಕರೆ ನೀರಾವರಿ ಹೊಲಕ್ಕೆ ಸಮ. ಆ ಪೆನ್ನು ಹಿಡಿದ ಕೈ ಮೇಲೆ ದೂರು ಕೊಡುವುದು ಎಂದರೇನು ಎಂದು ಊಹಿಸಿಕೊಳ್ಳಿ.

ಎರಡನೆಯ ಸಂಗತಿ ದೂರ. ಕೋಚ್ ಸರಿಯಿಲ್ಲ ಎಂದಾದರೆ ಅಮೆರಿಕದ ಆಟಗಾರ ಇನ್ನೊಂದು ಕಾಲೇಜಿಗೆ ಹೋಗುತ್ತಾನೆ. ಹಾಗೆ ಹೋದವರು ಒಂದು ವರ್ಷ ಆಡದೆ ಕೂರಬೇಕೆಂಬ ಹಳೆಯ ನಿಯಮವನ್ನೂ 2021ರಲ್ಲಿ ಸಡಿಲಿಸಿದ್ದಾರೆ. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನ ಮಾತು. ಸವದತ್ತಿಯವರಿಗೆ ಧಾರವಾಡದ ಕ್ರೀಡಾ ಪ್ರಾಧಿಕಾರದ ಕೇಂದ್ರ ತುಸು ಹತ್ತಿರ, ಆದರೆ ಅಲ್ಲಿ ಆಯ್ಕೆಯಾಗುವುದು ಬೆರಳೆಣಿಕೆಯ ಮಕ್ಕಳು. ರಾಮದುರ್ಗ ತಾಲ್ಲೂಕಿನ ಕೆ. ಚಂದರಗಿಯ ವಸತಿ ಕ್ರೀಡಾ ಶಾಲೆ, ಕಿತ್ತೂರಿನಲ್ಲಿ 1969ರಿಂದ ನಡೆದುಬಂದಿರುವ ಹೆಣ್ಣುಮಕ್ಕಳ ಸೈನಿಕ ಶಾಲೆ—ಈ ಸೀಮೆಗೆ ಆಟದ ಮಹತ್ವ ಗೊತ್ತಿಲ್ಲ ಎನ್ನುವವರಿಗೆ ಇವೆರಡೇ ಉತ್ತರ ಸಾಕು. ಆದರೆ ಅವು ಶಾಲಾ ಹಂತದವರಿಗೆ. ಬಿ.ಎ. ಓದುತ್ತ, ಬೆಳಿಗ್ಗೆ ಮುನವಳ್ಳಿಯಿಂದಲೋ ಮುರಗೋಡದಿಂದಲೋ ಬಸ್ಸು ಹಿಡಿದು ಬರುವ ಹುಡುಗಿಗೆ ಒಂದೇ ಮೈದಾನ, ಒಬ್ಬರೇ ಸರ್. ಆಕೆಯ ಮುಂದಿರುವ ಆಯ್ಕೆ ಇನ್ನೊಬ್ಬ ಕೋಚ್ ಅಲ್ಲ, ಆಟ ಬಿಡುವುದು. ಬಿಟ್ಟವಳು ಕಾರಣ ಹೇಳುವುದಿಲ್ಲ. ಮನೆಯವರಿಗೆ ‘ಓದು ಹಿಂದೆ ಬೀಳ್ತದ’ ಎನ್ನುತ್ತಾಳೆ. ಕಾರಣ ಗೊತ್ತಾದರೆ ಬಿಡುವುದು ಆಟವನ್ನಷ್ಟೇ ಅಲ್ಲ, ಕಾಲೇಜನ್ನೂ ಎಂದು ಆಕೆಗೆ ಗೊತ್ತು. ಹೀಗಾಗಿಯೇ ಇಲ್ಲಿ ವಜಾ ಆದ ಕೋಚ್ ಮರಳುವುದು ಅಮೆರಿಕದಲ್ಲಿ ಮರಳಿದಂತಲ್ಲ.

ಅಮೆರಿಕದ ಎರಡು ಪ್ರಕರಣಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾಗದದ ಮಹಿಮೆ ಇನ್ನೂ ಸ್ಪಷ್ಟ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬಾಬ್ ನೈಟ್ 29 ವರ್ಷ ಕೋಚ್ ಆಗಿದ್ದರು, 1976, 1981, 1987ರಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ. ಆ ರಾಜ್ಯದಲ್ಲಿ ಅವರು ದೇವರು, ದೇವರಿಗೆ ಸಿಟ್ಟು ಜಾಸ್ತಿ. ಅಭ್ಯಾಸದ ವೇಳೆ ಆಟಗಾರನೊಬ್ಬನ ಕುತ್ತಿಗೆಗೆ ಕೈಹಾಕಿದ ವಿಡಿಯೊ 2000ದಲ್ಲಿ ಹೊರಬಂತು. ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ದಂಡ ಹಾಕಿತು, ಮೂರು ಪಂದ್ಯ ದೂರವಿಟ್ಟಿತು, ಇನ್ನೊಮ್ಮೆ ಹೀಗಾದರೆ ಕ್ಷಮೆಯಿಲ್ಲ ಎಂದು ಷರತ್ತು ಸಾರಿತು. ಸೆಪ್ಟೆಂಬರ್‌ನಲ್ಲಿ ಷರತ್ತು ಮುರಿಯಿತು, ಕೆಲಸ ಹೋಯಿತು. ಮರುವರ್ಷ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಅಲ್ಲಿನ ಕೆಲವು ಅಧ್ಯಾಪಕರು ವಿರೋಧಿಸಿದರು. ಆ ನಿರ್ಧಾರ ತಪ್ಪೋ ಸರಿಯೋ, ಕಣ್ಣು ತೆರೆದೇ ಮಾಡಿದ್ದು. ಯಾರನ್ನು ಯಾತಕ್ಕೆ ತೆಗೆದಿದ್ದರು ಎಂದು ಟೆಕ್ಸಸ್ ಟೆಕ್ ಇರುವ ಲಬ್ಬಕ್ ಊರಿನ ಪ್ರತಿ ತಂದೆತಾಯಿಗೂ ಗೊತ್ತಿತ್ತು. ಬೇಡ ಎನ್ನುವವರು ಮಗನನ್ನು ಕಳಿಸದೆ ಇರಬಹುದಿತ್ತು. ನೈಟ್ ಮತ್ತೆ ಇಂಡಿಯಾನಾದ ಅಂಕಣಕ್ಕೆ ಕಾಲಿಟ್ಟದ್ದು 2020ರ ಫೆಬ್ರವರಿಯಲ್ಲಿ, ಕೋಚ್ ಆಗಿ ಅಲ್ಲ, ಅತಿಥಿಯಾಗಿ. ಜನ ಎದ್ದು ನಿಂತು ಅತ್ತರು. ಗೌರವ ಮರಳಿಸುವುದೂ ಅಧಿಕಾರ ಮರಳಿಸುವುದೂ ಒಂದೇ ಅಲ್ಲ ಎಂಬುದನ್ನು ಆ ಸಂಜೆ ನೋಡಬಹುದಿತ್ತು. ನಮ್ಮಲ್ಲಿ ಇವೆರಡನ್ನೂ ಒಂದೇ ಶಾಲಿನಲ್ಲಿ ಸುತ್ತಿ ಕೊಡುವ ರೂಢಿ.

ಇದಕ್ಕೆ ಉಲ್ಟಾ ರಟ್ಗರ್ಸ್ ವಿಶ್ವವಿದ್ಯಾಲಯದ್ದು. ಅಲ್ಲಿನ ಕೋಚ್ ಮೈಕ್ ರೈಸ್ ಆಟಗಾರರ ಮೈಮೇಲೆ ಚೆಂಡು ಎಸೆಯುವ, ಹೊಲಸು ಬೈಯುವ ವಿಡಿಯೊ 2012ರಲ್ಲೇ ಆಡಳಿತದ ಕೈ ಸೇರಿತ್ತು. 50,000 ಡಾಲರ್ ದಂಡ, ಮೂರು ಪಂದ್ಯದ ಅಮಾನತು ಹಾಕಿ ಅದೇ ತಂಡಕ್ಕೆ ಮರಳಿಸಿದರು, ವಿಡಿಯೊ ಮಾತ್ರ ಹೊರಗೆ ಬಿಡಲಿಲ್ಲ. 2013ರ ಏಪ್ರಿಲ್‌ನಲ್ಲಿ ಅದು ಟಿವಿಯಲ್ಲಿ ಬಂದ ಮರುದಿನವೇ ಕೋಚ್ ವಜಾ, ವಾರದೊಳಗೆ ಕ್ರೀಡಾ ನಿರ್ದೇಶಕರ ರಾಜೀನಾಮೆ. ಕಾಗದವೂ ವಿಡಿಯೊವೂ ಇದ್ದು ಬಚ್ಚಿಟ್ಟರೆ ಇಲ್ಲದ್ದಕ್ಕಿಂತ ಕಡೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ಹಗುರ, ಒಂದು ಮಾತ್ರ ನಿಜಕ್ಕೂ ಭಾರ. ‘ಮನುಷ್ಯ ಅಂದಮೇಲೆ ತಪ್ಪು ಮಾಡತಾನ, ಒಂದು ಅವಕಾಶ ಕೊಡಬೇಕು’ ಎಂಬುದು ಹಗುರದ್ದು. ಕೊಡಬೇಕು, ಸರಿ, ಯಾವ ತಪ್ಪಿಗೆ ಎಂದು ಗೊತ್ತಿಲ್ಲದೆ ಕೊಟ್ಟ ಅವಕಾಶಕ್ಕೆ ಕ್ಷಮೆ ಎಂಬ ಹೆಸರು ಸಲ್ಲದು. ಮೂರು ವರ್ಷ ತಂಡ ಸೋತಿತೆಂದು ತೆಗೆದಿದ್ದರೆ ನಾಳೆಯೇ ಕರೆಸಿ, ಯಾರ ತಕರಾರೂ ಇಲ್ಲ. ಟ್ರ್ಯಾಕ್‌ಸೂಟಿನ ಬಿಲ್ಲಿನಲ್ಲಿ, ದಿನಭತ್ಯೆಯಲ್ಲಿ ಕೈ ಜಾರಿದ್ದರೆ, ಹಣ ವಸೂಲಿ ಮಾಡಿ, ಇನ್ನುಮುಂದೆ ಹಣದ ವ್ಯವಹಾರ ಬೇರೆಯವರಿಗೆ ವಹಿಸಿ, ಕಲಿಸುವ ಕೆಲಸಕ್ಕೆ ಕರೆದುಕೊಳ್ಳಬಹುದು. ಹೊಡೆಯುವವರ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ‘ಹೊಡೆದರೇನ ಆಟ ಬರೂದು’ ಎಂಬ ಮಾತನ್ನು ಈ ಭಾಗದ ಪಾಲಕರೇ ಹೇಳುತ್ತಾರೆ ನಿಜ, ಆದರೆ ಹೊಡೆತದಿಂದ ಬಂದ ಆಟಗಾರರ ಲೆಕ್ಕ ಇಡುವವರು ಹೊಡೆತದಿಂದ ಹೋದವರ ಲೆಕ್ಕ ಇಟ್ಟಿಲ್ಲ. ಇನ್ನು ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದ ದೂರಾದರೆ ಅದು ಆಡಳಿತ ಮಂಡಳಿಯ ವಿವೇಚನೆಗೆ ಬಿಟ್ಟ ವಿಷಯವೇ ಅಲ್ಲ. ಒಂದೇ ಆವರಣದಲ್ಲಿ ಪಿಯು ಕೂಡ ಇರುವ ಕಾಲೇಜುಗಳಲ್ಲಿ ಹದಿನಾರು ಹದಿನೇಳರ ಮಕ್ಕಳು ಅದೇ ಮೈದಾನದಲ್ಲಿ ಆಡುತ್ತಾರೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಂಥ ಸಂಗತಿ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ‘ಸೇವೆ ಮುಂದುವರಿಸಿರುವುದಿಲ್ಲ’ ಎಂದು ಬರೆದು ಕೈತೊಳೆದುಕೊಂಡವರು ತಾವು ಔದಾರ್ಯ ತೋರಿದೆವು ಎಂದುಕೊಂಡಿರುತ್ತಾರೆ. ಕಾನೂನಿನ ಕಣ್ಣಲ್ಲಿ ಅವರೇ ಆರೋಪಿಗಳಾಗಿರಬಹುದು.

‘ಬರೆದರೆ ಹುಡುಗಿಯ ಹೆಸರು ಹಾಳಾಗತದ’ ಎಂಬುದು ಎರಡನೆಯ ಆಕ್ಷೇಪ. ಇದನ್ನು ಹೇಳುವವರಲ್ಲಿ ಅರ್ಧ ಜನ ಹುಡುಗಿಯ ಬಗ್ಗೆ ಯೋಚಿಸುತ್ತಿರುತ್ತಾರೆ, ಇನ್ನರ್ಧ ಸಂಸ್ಥೆಯ ಬಗ್ಗೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗವನ್ನೂ ಹೆಸರು ಹಿಡಿದು ಸೇರಿಸಿಕೊಂಡಿದೆ. ದೂರು ಕೊಟ್ಟವಳ ಹೆಸರು, ವಿಚಾರಣೆಯ ವಿವರ ಯಾವುದನ್ನೂ ಹೊರಗೆ ಪ್ರಕಟಿಸಬಾರದು ಎಂದೂ ಹೇಳಿದೆ. ವಿದ್ಯಾರ್ಥಿನಿಯರಿಗಾಗಿ ಯುಜಿಸಿಯ 2015ರ ನಿಯಮಗಳಿವೆ. ಅಂದರೆ ಬರೆಯುವುದು ಬೇರೆ, ಬಯಲು ಮಾಡುವುದು ಬೇರೆ. ಹೆಸರು ಹಾಳಾಗುವುದು ಬರೆದಾಗ ಅಲ್ಲ. ಬರೆಯದೆ ಬಿಟ್ಟಾಗ, ಯಾವ ಹುಡುಗಿ ಎಂದು ಇಡೀ ಊರು ಊಹೆ ಮಾಡುತ್ತ ಕೂತಾಗ, ತಂಡದ ಹನ್ನೆರಡೂ ಹುಡುಗಿಯರ ಹೆಸರು ಹಾಳಾಗುತ್ತದೆ.

ಕಿತ್ತೂರಿನ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರ ವಿರುದ್ಧದ 1824ರ ಯುದ್ಧ ಮುಗಿದು ಇನ್ನೂರು ವರ್ಷ ಕಳೆದರೂ ದ್ರೋಹಿಗಳೆನಿಸಿಕೊಂಡ ಮಲ್ಲಪ್ಪಶೆಟ್ಟಿ, ವೆಂಕಟರಾಯರ ಹೆಸರು ಇಲ್ಲಿ ಬೈಗುಳವಾಗಿ ಉಳಿದಿದೆ. ಮದ್ದಿಗೆ ಸಗಣಿ ಬೆರೆಸಿದ ಕಥೆ ಮಕ್ಕಳಿಗೂ ಗೊತ್ತು. ತೀರ್ಪು ಕೊಟ್ಟದ್ದು ಲಾವಣಿ ಮತ್ತು ನಾಟಕ. ಅದು ಸರಿಯೆ ತಪ್ಪೆ ಎಂಬ ಚರ್ಚೆ ಇಲ್ಲಿ ಬೇಡ. ಈ ಊರುಗಳು ಮರೆಯುವ ಊರುಗಳಲ್ಲ ಎಂಬುದಷ್ಟೇ ಮಾತು. ಎರಡು ವರ್ಷ ಬಿಟ್ಟು ಕರೆದರೆ ಜನ ಮರೆತಿರುತ್ತಾರೆ ಎಂದು ಲೆಕ್ಕ ಹಾಕುವ ಆಡಳಿತ ಮಂಡಳಿ ತನ್ನ ಊರನ್ನೇ ತಿಳಿದಿಲ್ಲ.

ಭಾರವಾದ ಆಕ್ಷೇಪ ಬೇರೆಯದು. ‘ವಜಾ ಮಾಡಿದ್ದೇ ಅನ್ಯಾಯ ಆಗಿದ್ದರೆ?’ ಸಣ್ಣ ಊರಿನ ಸಂಸ್ಥೆಗಳಲ್ಲಿ ಇದು ಅಪರೂಪವಲ್ಲ. ನಿರ್ದೇಶಕರೊಬ್ಬರ ಅಣ್ಣನ ಮಗ ತಂಡಕ್ಕೆ ಬರಲಿಲ್ಲ, ಕೋಚ್ ಹೋದ. ಆಡಳಿತ ಮಂಡಳಿಯ ಚುನಾವಣೆಯಲ್ಲಿ ಬಣ ಬದಲಾಯಿತು, ಹಳೆಯ ಬಣದ ಕಾಲಕ್ಕೆ ಬಂದವನು ಹೋದ. ಕೆಲವೊಮ್ಮೆ ಜಾತಿ, ಕೆಲವೊಮ್ಮೆ ಗಣೇಶ ಚಂದಾ. ಇಂಥವರನ್ನು ಮರಳಿ ಕರೆಯಬಾರದೆ ಎಂದು ಕೇಳುವವರಿಗೆ ಉತ್ತರ: ಕರೆಯಬೇಕು, ಅದಕ್ಕೆಂದೇ ಕಾರಣ ಬರೆಯಬೇಕು. 1975ರ ಕರ್ನಾಟಕ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಕಾಯ್ದೆ ಹೇಳುವುದು ಇದನ್ನೇ. ಆರೋಪ ತಿಳಿಸದೆ, ವಿಚಾರಣೆ ಮಾಡದೆ, ತನ್ನ ಮಾತು ಹೇಳಲು ಅವಕಾಶ ಕೊಡದೆ ನೌಕರನನ್ನು ವಜಾ ಮಾಡುವಂತಿಲ್ಲ. ಮಾಡಿದರೆ ಆತ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಗೆದ್ದರೆ ಆತ ಮರಳುವುದು ಮರುನೇಮಕವಾಗಿ ಅಲ್ಲ, ಹಕ್ಕಾಗಿ. ಈ ಎರಡರ ನಡುವಿನ ಅಂತರವನ್ನು ನಮ್ಮ ಚರ್ಚೆಗಳು ಅಳಿಸಿಬಿಡುತ್ತವೆ. ನಿರಪರಾಧಿಯನ್ನು ‘ಹೋಗಲಿ, ಇನ್ನೊಮ್ಮೆ ನೋಡೋಣ’ ಎಂದು ಕರೆಯುವುದೇ ಅವಮಾನ, ಅಪರಾಧಿಯನ್ನು ‘ಅನ್ಯಾಯವಾಗಿತ್ತು ಪಾಪ’ ಎಂದು ಕರೆಯುವುದು ಸುಳ್ಳು. ಕಾರಣವಿಲ್ಲದ ಠರಾವು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ಅಪರಾಧಿಗೆ ಅದರಿಂದ ಲಾಭ, ನಿರಪರಾಧಿಗೆ ಜೀವನಪೂರ್ತಿ ಕಳಂಕ. ತಾತ್ಕಾಲಿಕವಾಗಿ ಬಂದವರಿಗೆ ಈ ಕಾಯ್ದೆಯ ಆಸರೆ ಅಷ್ಟಾಗಿ ಸಿಗುವುದಿಲ್ಲ, ಕರಾರು ಮುಗಿಯಿತು ಎಂದರೆ ಮುಗಿಯಿತು. ಮೈದಾನದಲ್ಲಿ ದುಡಿಯುವವರು ಹೆಚ್ಚಾಗಿ ಅವರೇ ಆದ್ದರಿಂದ, ಕಾನೂನು ಕೇಳದಿದ್ದರೂ ಸಂಸ್ಥೆ ತಾನಾಗಿ ಬರೆಯಬೇಕು.

‘ಬೇರೆ ಕೋಚ್ ಸಿಗುವುದಿಲ್ಲ, ತಂಡ ಹಾಳಾಗುತ್ತದೆ’ ಎನ್ನುವವರಿಗೆ ಹೇಳಬೇಕಾದ್ದು ಹೆಚ್ಚಿಲ್ಲ. ಸಿಗುವುದು ಕಷ್ಟ, ನಿಜ. ಆದರೆ ಒಬ್ಬನೇ ಇದ್ದಾನೆ ಎಂಬುದು ಆತನನ್ನು ಎಚ್ಚರಿಕೆಯಿಂದ ನೋಡಲು ಕಾರಣವಾಗಬೇಕು, ನೋಡದೆ ಇರಲು ಅಲ್ಲ. ಗರಡಿಮನೆಯ ಹಿರಿಯರಿಗೆ ಇದು ತಿಳಿದಿತ್ತು. ವಸ್ತಾದನಿಗೆ ಯಾರೂ ನೇಮಕಾತಿ ಆದೇಶ ಕೊಡುವುದಿಲ್ಲ, ವಜಾ ಪತ್ರವನ್ನೂ ಕೊಡುವುದಿಲ್ಲ. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಮ್ಮಣ್ಣು ಊರಿನದು. ಆತ ಕೆಟ್ಟರೆ ಹುಡುಗರು ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ, ಮಣ್ಣು ಒಣಗುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದು ನಡೆದದ್ದು ಪಕ್ಕದೂರಿನಲ್ಲಿ ಇನ್ನೊಂದು ಗರಡಿ ಇತ್ತು, ಗರಡಿಗೆ ಹೋಗದಿದ್ದರೆ ನೌಕರಿ ತಪ್ಪುತ್ತಿರಲಿಲ್ಲ, ಹೆಣ್ಣುಮಕ್ಕಳು ಅಲ್ಲಿ ಇರಲಿಲ್ಲ ಎಂಬ ಮೂರು ಕಾರಣಗಳಿಂದ. ಮೂರೂ ಈಗಿಲ್ಲ. ಕಾಲೇಜಿನ ಮೈದಾನದಲ್ಲಿ ಆತನನ್ನು ‘ಗುರುಗಳು’ ಎಂದು ಕರೆದು ಹಳೆಯ ಗೌರವವನ್ನಷ್ಟೇ ಹೊದಿಸಿದರೆ, ಹಳೆಯ ಅಂಕುಶ ಎಲ್ಲಿಂದ ಬರಬ‍ೇಕು?

ದೊಡ್ಡ ಸಂಸ್ಥೆಗಳು ಇದನ್ನು ಚೆನ್ನಾಗಿ ನಿಭಾಯಿಸಿವೆ ಎಂದೇನಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ ಹತ್ತು ವರ್ಷಗಳಲ್ಲಿ ಬಂದ ಲೈಂಗಿಕ ಕಿರುಕುಳದ ದೂರು 45, ಅದರಲ್ಲಿ 29 ಕೋಚ್‌ಗಳ ಮೇಲೆ ಎಂದು ಮಾಹಿತಿ ಹಕ್ಕಿನ ಮೂಲಕ ಪಡೆದ ದಾಖಲೆಗಳನ್ನಿಟ್ಟು 2020ರಲ್ಲಿ ಪತ್ರಿಕಾ ವರದಿ ಬಂತು. ಹಲವು ಪ್ರಕರಣಗಳಲ್ಲಿ ಶಿಕ್ಷೆ ಎಂದರೆ ವರ್ಗಾವಣೆ ಅಥವಾ ಸಂಬಳದಲ್ಲಿ ಕಡಿತ. ವರ್ಗಾವಣೆಯೂ ಒಂದು ಬಗೆಯ ಮರುನೇಮಕವೇ, ಊರು ಮಾತ್ರ ಬೇರೆ. ಆದರೂ ಅಲ್ಲಿ 45 ಎಂದು ಎಣಿಸಲು ಒಂದು ಕಡತವಾದರೂ ಇತ್ತು. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಎಷ್ಟು ಎಂದು ಯಾರಾದರೂ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಬರುವ ಉತ್ತರ ಸೊನ್ನೆ. ಆ ಸೊನ್ನೆಯನ್ನು ಕಂಡು ಸಮಾಧಾನಪಡುವವರು ಪುಣ್ಯವಂತರು.

ಹಾಗಾದರೆ ಈಗಾಗಲೇ ಕಾರಣ ಬರೆಯದೆ ತೆಗೆದಾಗಿದೆ, ಅದೇ ಮನುಷ್ಯನ ಅರ್ಜಿ ಮೇಜಿನ ಮೇಲಿದೆ, ಏನು ಮಾಡಬೇಕು? ಮೊದಲು ಅಂದು ಮಾಡದ ವಿಚಾರಣೆಯನ್ನು ಇಂದು ಮಾಡಬೇಕು, ಆತನನ್ನೂ ಕೂರಿಸಿ, ಅಂದು ತೆಗೆದವರನ್ನೂ ಕೂರಿಸಿ. ಆತ ಒಪ್ಪದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಈಗಿನ ಆಟಗಾರರನ್ನು ಕೇಳುವುದು ಸಾಲದು. ಪಟ್ಟಿ ಬರೆಯುವ ಪೆನ್ನು ನಾಳೆ ಆತನ ಕೈಗೇ ಬರುತ್ತದೆ ಎಂದು ಗೊತ್ತಿರುವವರು ‘ಸರ್ ಭಾಳ ಚಲೋ’ ಎಂದೇ ಅನ್ನುತ್ತಾರೆ. ಕೇಳಬೇಕಾದ್ದು ಬಿಟ್ಟುಹೋದವರನ್ನು, ಅದೂ ಹೊರಗಿನ ಒಬ್ಬ ಹೆಣ್ಣುಮಗಳು, ಅವರವರ ಊರಿಗೇ ಹೋಗಿ. ಈಗ ಅವರು ಯಾರ್‍ಯಾರದೋ ಮನೆಯ ಸೊಸೆಯರು, ಅಂಗನವಾಡಿಯಲ್ಲಿ, ಗಾರ್ಮೆಂಟ್ಸಿನಲ್ಲಿ ದುಡಿಯುವವರು, ಕೆಲವರು ಖಾಕಿ ತೊಟ್ಟವರು. ಯಾರನ್ನು ಕೇಳಬೇಕೆಂದು ಹುಡುಕುವುದೂ ಕಷ್ಟವಲ್ಲ. ಕ್ರೀಡಾ ವಿಭಾಗದ ಹಾಜರಿ ಪುಸ್ತಕದಲ್ಲಿ ಜೂನ್‌ನಲ್ಲಿ ಹದಿನಾಲ್ಕು ಹೆಸರಿದ್ದು ದೀಪಾವಳಿಯ ನಂತರ ಆರಕ್ಕೆ ಇಳಿದ ವರ್ಷ ಯಾವುದು ಎಂದು ನೋಡಿದರಾಯಿತು. ಠರಾವು ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದರ ಸ್ವಲ್ಪ ಭಾಗವಾದರೂ ಅಲ್ಲಿ ಗೈರುಹಾಜರಿಯ ಗೀಟುಗಳಲ್ಲಿ ಇರುತ್ತದೆ. ಆ ಪುಸ್ತಕ ಎಲ್ಲೂ ಹೋಗಿರುವುದಿಲ್ಲ; ಸ್ಟೋರ್ ರೂಮಿನಲ್ಲಿ, ಗಾಳಿ ಹೋದ ವಾಲಿಬಾಲುಗಳ ಚೀಲದ ಕೆಳಗೆ ಇರುತ್ತದೆ.